ನವಿಲಿಲ್ಲದ ಬೇಲಿ

ಆತ ಸತ್ತ ಹದಿನಾರನೆಯ ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಲಿ ಕೀಳುವ ಮಾತು ಬಂತು. ಲಿಫ್ಟಿನ ಪಕ್ಕ ಅಂಟಿಸಿದ್ದ ಆತನ ಫೋಟೋ ಇನ್ನೂ ಅಲ್ಲೇ ಇತ್ತು. ಅದರ ಕೆಳಗೇ ಮೀಟಿಂಗಿನ ನೋಟೀಸು ಅಂಟಿಸಿದರು. ಜಾಗ ಸಾಲದೆಂದು ಫೋಟೋವನ್ನು ಸ್ವಲ್ಪ ಮೇಲಕ್ಕೆ ಸರಿಸಿದ್ದರು.

ಬೇಲಿ ಅಂದರೆ ಹೊಲದ ಬೇಲಿಯಲ್ಲ. ಕೆಳಗಿರುವ ಈಜುಕೊಳದ ಸುತ್ತಲಿನ ಕಬ್ಬಿಣದ ಬೇಲಿ. ಅದನ್ನು ಹಾಕಿಸಿದವನು ಆತ. ನನಗೆ ಆತ ನೆಂಟನೂ ಅಲ್ಲ, ಸ್ನೇಹಿತನೂ ಅಲ್ಲ. ನಾವು ಒಟ್ಟಿಗೆ ಮಾಡಿದ್ದು ಜಗಳ ಮಾತ್ರ. ಆದರೆ ನನ್ನ ಮೊಮ್ಮಗನ ಮಗನಿಗೆ ಆಗ ಮೂರು ವರ್ಷ ತುಂಬಿರಲಿಲ್ಲ. ನೀರು ಕಂಡರೆ ಅವನ ಕಾಲು ನಿಲ್ಲುವುದಿಲ್ಲ. ಅವನ ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುವುದು. ಮಗು ನನ್ನ ಕೈಲಿ. ನನ್ನ ಮಂಡಿ ಓಡುವುದಿಲ್ಲ. ಆದ್ದರಿಂದ ಆ ಬೇಲಿ ಇರುತ್ತದೋ ಹೋಗುತ್ತದೋ ಎನ್ನುವುದು ನನ್ನ ವಿಷಯ. ಅದನ್ನು ಹೇಳಬೇಕಾದರೆ ಆತನ ವಿಷಯ ಹೇಳಬೇಕು.

ಹೆಸರು ಬೇಡ. ಆತನನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ವಾಚ್‌ಮನ್‌ಗಳು ಗೇಟ್ ಸಾರ್ ಅನ್ನುತ್ತಿದ್ದರು, ಮಕ್ಕಳು ಗೇಟ್ ತಾತ ಅನ್ನುತ್ತಿದ್ದವು. ಹೆಂಡತಿ ‘ಇವರು’ ಅನ್ನುತ್ತಿದ್ದಳು. ನಾನು ‘ಏನಪ್ಪಾ’ ಅನ್ನುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು.

ದಾವಣಗೆರೆ ಕಡೆಯವನು. ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದು, ಕಾಮಾಕ್ಷಿಪಾಳ್ಯದಲ್ಲಿ ಗ್ರಿಲ್ಲು ಗೇಟು ಮಾಡುವ ಅಂಗಡಿ ಇಟ್ಟು, ವಯಸ್ಸಾದ ಮೇಲೆ ಅಂಗಡಿಯನ್ನು ದೊಡ್ಡ ಅಳಿಯನಿಗೆ ಬಿಟ್ಟು ನಮ್ಮಲ್ಲಿ ಎರಡನೇ ಮಹಡಿಯಲ್ಲಿ ಮನೆ ತೆಗೆದುಕೊಂಡ. ಕುಳ್ಳ, ದಪ್ಪ ಮುಂಗೈ. ಹಣೆಯಲ್ಲಿ ಮೂರು ಬೆರಳು ವಿಭೂತಿ. ವೆಲ್ಡಿಂಗ್ ಕಿಡಿ ಬಿದ್ದು ಬಲಗಡೆ ಹುಬ್ಬು ಸುಟ್ಟು ಅಲ್ಲಿ ಕೂದಲೇ ಬಂದಿರಲಿಲ್ಲ. ಆ ಕಡೆಯಿಂದ ನೋಡಿದರೆ ಆತ ಯಾವಾಗಲೂ ಏನನ್ನೋ ಅನುಮಾನಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಈ ಕಡೆಯಿಂದ ನೋಡಿದರೂ ಹಾಗೇ ಅನ್ನಿಸುತ್ತಿತ್ತು, ಯಾಕೆಂದರೆ ನಿಜವಾಗಿಯೂ ಅನುಮಾನಿಸುತ್ತಿದ್ದ.

ನಮ್ಮ ಮನೆಗೆ ಮೊದಲ ಸಲ ಬಂದದ್ದು ಗೃಹಪ್ರವೇಶಕ್ಕೆ ಕರೆಯಲು. ನನಗೆ ನಮಸ್ಕಾರ ಮಾಡುವ ಮೊದಲು ಬಾಲ್ಕನಿಗೆ ಹೋಗಿ ಗ್ರಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ.

“ಯಾರು ಹಾಕಿದ್ದಿದು?”

“ಬಿಲ್ಡರು.”

“ಹಾಕಿಲ್ಲ. ಅಂಟಿಸಿದಾನೆ,” ಅಂದ. ಆಮೇಲೆ ಕಾಫಿ ಕುಡಿದು ಹೋದ. ಮಾರನೆಯ ದಿನ ಅಂಗಡಿಯಿಂದ ಒಬ್ಬನನ್ನು ಕರೆಸಿ ಅದನ್ನು ಗಟ್ಟಿ ಮಾಡಿಸಿದ. ನಾವು ಕೇಳಿರಲಿಲ್ಲ.

ನಾನು ಹೇರೋಹಳ್ಳಿಗೆ ಸೊಸೆಯಾಗಿ ಬಂದಾಗ ಈ ಜಾಗ ನಮ್ಮ ರಾಗಿ ಹೊಲ. ಆಮೇಲೆ ಬಿಲ್ಡರಿಗೆ ಕೊಟ್ಟೆವು, ಅವನು ಮನೆಗಳನ್ನು ಕಟ್ಟಿದ, ನಡುವೆ ಗುಂಡಿ ತೋಡಿ ನೀಲಿ ಟೈಲ್ಸ್ ಹಾಕಿ ನೀರು ತುಂಬಿದ. ಹೊರಗೆ ರಸ್ತೆ ಇಲ್ಲ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಆದರೂ ಈಜುಕೊಳ ಇರಬೇಕಂತೆ, ಇಲ್ಲದಿದ್ದರೆ ಮನೆ ಕೊಳ್ಳಲು ಜನ ಬರುವುದಿಲ್ಲವಂತೆ. ಬಂದ ಜನರಲ್ಲಿ ಮುಕ್ಕಾಲು ಪಾಲಿಗೆ ಈಜು ಬರುವುದಿಲ್ಲ. ಸಂಜೆ ಅದರ ಸುತ್ತ ನಡೆಯುತ್ತಾರೆ. ಮೊದಲ ವರ್ಷ ಆ ನೀರಿಗೂ ನಮಗೂ ನಡುವೆ ಹತ್ತು ಹೂಕುಂಡ ಬಿಟ್ಟರೆ ಏನೂ ಇರಲಿಲ್ಲ.

ಆತ ಬಂದು ಮೂರು ತಿಂಗಳಲ್ಲಿ ಕಮಿಟಿಯವರ ತಲೆ ತಿಂದು ಬೇಲಿ ಹಾಕಲು ಒಪ್ಪಿಸಿದ. ಒಪ್ಪಿದವರು ಒಂದು ಶರತ್ತು ಹಾಕಿದರು. ನೋಡಲು ಚೆನ್ನಾಗಿರಬೇಕು. ಕಮಿಟಿಯ ಕಾರ್ಯದರ್ಶಿ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಫೋನಿನಲ್ಲಿ ಒಂದು ಗ್ರಿಲ್ಲು ತೋರಿಸಿದ. ನಾನೂ ಅಲ್ಲೇ ಕೂತಿದ್ದೆ.

“ಸಾರ್, ಈ ಥರ ಮಾಡ್ಸಿ. ಎರಡು ನವಿಲು ಎದುರುಬದುರು, ಮಧ್ಯ ಕಮಲ. ಗ್ರ್ಯಾಂಡ್ ಆಗಿರುತ್ತೆ.”

“ನವಿಲು ಬೇಡ.”

“ಯಾಕ್ ಸಾರ್? ನೀವೇ ಅಂಗಡೀಲಿ ನವಿಲು ಮಾಡ್ತಿದ್ರಂತಲ್ಲ?”

“ಬೇಕಾದಷ್ಟು ಮಾಡಿದೀನಿ. ಅದಕ್ಕೇ ಹೇಳ್ತಿರೋದು. ಬಾಲದ ಮೇಲೆ ಒಂದು ಕಾಲು, ಕುತ್ತಿಗೆ ಮೇಲೆ ಒಂದು ಕಾಲು, ಆ ಕಡೆ ನೀರು. ಮೂರು ವರ್ಷದ ಮಗೂಗೆ ನವಿಲು ಅಂದ್ರೆ ಏಣಿ.”

“ಹಂಗಾದ್ರೆ ಬರೀ ಕಮಲ?”

“ಕಮಲಾನೂ ಏಣೀನೇ. ಸಣ್ಣ ಏಣಿ.”

ಹೀಗೆ ನಮ್ಮ ಬೇಲಿಗೆ ನವಿಲೂ ಇಲ್ಲ, ಕಮಲವೂ ಇಲ್ಲ. ನಾಲ್ಕು ಅಡಿ ಎತ್ತರದ ನೆಟ್ಟಗಿನ ಸರಳು, ಅಷ್ಟೇ. ಸರಳುಗಳನ್ನು ಹಿಡಿದಿಡುವ ಅಡ್ಡಪಟ್ಟಿಯನ್ನೂ ಕೊಳದ ಕಡೆಗೇ ಹಾಕಿಸಿದ. ಈಚೆಯಿಂದ ಕಾಲಿಡಲು ಏನೂ ಸಿಗಬಾರದು. ಎರಡು ಸರಳಿನ ನಡುವೆ ನಾಲ್ಕು ಇಂಚು ಮೀರಬಾರದು. ಇದಕ್ಕೆ ಆತ ಟೇಪನ್ನೂ ನಂಬಲಿಲ್ಲ. ಮನೆಯಿಂದ ಒಂದು ತಾಮ್ರದ ಚೊಂಬು ತಂದು, ಪ್ರತಿ ಎರಡು ಸರಳಿನ ನಡುವೆಯೂ ಅದನ್ನು ತೂರಿಸಲು ನೋಡುತ್ತಾ ಇಡೀ ಬೇಲಿ ಸುತ್ತಿದ. ಚೊಂಬು ತೂರಿದರೆ ತಲೆ ತೂರುತ್ತದೆ ಎಂದು ಆತನ ಲೆಕ್ಕ. ಒಂದೇ ಒಂದು ಕಡೆ ತೂರಿತು. ವೆಲ್ಡಿಂಗಿನವನು “ಯಜಮಾನ್ರೇ, ಒಂದು ನೂಲು ಹೆಚ್ಚು ಕಮ್ಮಿ ಅಷ್ಟೇ” ಅಂದ. ಆತ ಚೊಂಬನ್ನು ಅವನ ಕೈಗೆ ಕೊಟ್ಟು, “ಇದರೊಳಗೆ ನಿನ್ನ ಮಗ ಇದಾನೆ ಅಂದ್ಕೊ” ಅಂದ. ವೆಲ್ಡಿಂಗಿನವನು ಸರಳು ಕತ್ತರಿಸಿ ಮತ್ತೆ ಹಾಕಿದ. ಮಧ್ಯಾಹ್ನ ಆತನ ಹೆಂಡತಿ ಇಳಿದು ಬಂದು, ಪೂಜೆಯ ಚೊಂಬು ಯಾರು ತೆಗೆದರೆಂದು ವಾಚ್‌ಮನ್‌ನನ್ನು ಕೇಳುತ್ತಿದ್ದಳು.

ಗೇಟಿನ ಹೊತ್ತಿಗೆ ಇನ್ನೊಂದು ಗಲಾಟೆ. ಗೇಟು ಕೊಳದ ಕಡೆಗೆ ತೆರೆಯಬಾರದು, ನಮ್ಮ ಕಡೆಗೆ ತೆರೆಯಬೇಕು ಅಂದ. ಮೂರನೇ ಮಹಡಿಯ ಒಬ್ಬಾಕೆಗೆ ವಾಸ್ತು ಗೊತ್ತು.

“ಅಂಕಲ್, ಗೇಟು ಒಳಮುಖ ಇರ್ಬೇಕು. ಹೊರಮುಖ ಇಟ್ರೆ ಲಕ್ಷ್ಮಿ ಬರಲ್ಲ.”

“ಬರೋಳು ಲಕ್ಷ್ಮಿ ಆದ್ರೆ ಎಳ್ಕೊಂಡು ಬರ್ತಾಳಮ್ಮ. ತಳ್ಕೊಂಡು ಬರೋದು ಮಕ್ಕಳು. ಮಕ್ಕಳು ತಳ್ಳಿದ್ರೆ ಗೇಟು ಇನ್ನೂ ಬಿಗಿಯಾಗ್ಬೇಕು.”

ಚಿಲಕವನ್ನು ಎತ್ತರದಲ್ಲಿ, ಕೊಳದ ಕಡೆಗೆ ಹಾಕಿಸಿದ. ದೊಡ್ಡವರು ಮೇಲಿಂದ ಕೈ ಹಾಕಿ ತೆಗೆಯಬೇಕು. ಗೇಟಿಗೆ ಸ್ಪ್ರಿಂಗು, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳಬೇಕು. ಹೂಕುಂಡಗಳನ್ನೂ ಪ್ಲಾಸ್ಟಿಕ್ ಕುರ್ಚಿಗಳನ್ನೂ ಬೇಲಿಯಿಂದ ದೂರ ಎತ್ತಿಡಿಸಿದ, ಅವೂ ಏಣಿಗಳಂತೆ. ಕಾರ್ಯದರ್ಶಿ ಒಂದು ದಿನ ಬೇಸತ್ತು, “ಸಾರ್, ಇಷ್ಟೆಲ್ಲ ಮಾಡ್ಬೇಕು ಅಂತ ಕಾನೂನಿದ್ಯಾ?” ಅಂತ ಕೇಳಿದ. ಆತ, “ಕಾನೂನು ಇದ್ರೂ ಮಗು ತಲೆ ಅಷ್ಟೇ ಅಗಲ, ಇಲ್ದಿದ್ರೂ ಅಷ್ಟೇ ಅಗಲ” ಅಂದ.

ಬೇಲಿ ಎದ್ದ ಮೇಲೆ ದಿನಕ್ಕೆ ಎರಡು ಸಲ ಪರೀಕ್ಷೆ. ಬೆಳಿಗ್ಗೆ ಆರಕ್ಕೆ ಒಂದು, ಶಾಲೆಯಿಂದ ಮಕ್ಕಳು ಬರುವ ಮೊದಲು ಒಂದು. ಗೇಟನ್ನು ಪೂರ್ತಿ ತೆಗೆದು ಬಿಡುವುದು. ಟಕ್. ಅರ್ಧ ತೆಗೆದು ಬಿಡುವುದು. ಟಕ್. ಕೊನೆಗೆ ಒಂದು ಬೆರಳು ತೂರುವಷ್ಟು ಮಾತ್ರ ತೆಗೆದು ಬಿಡುವುದು. ಅದೇ ಕಷ್ಟದ್ದು. ವೇಗ ಇಲ್ಲದ ಗೇಟು ಸೋಮಾರಿ ಆಗುತ್ತದೆ, ಚಿಲಕದ ಹತ್ತಿರ ಬಂದು ನಿಂತುಬಿಡುತ್ತದೆ. ಹಾಗೆ ನಿಂತ ದಿನ ಎಣ್ಣೆ ಡಬ್ಬಿ ಬರುತ್ತಿತ್ತು. “ಅಗಲವಾಗಿ ತೆಗೆದ ಗೇಟು ಎಲ್ಲರಿಗೂ ಕಾಣುತ್ತೆ. ಮುಚ್ಚಿದಂಗೆ ಕಾಣೋ ಗೇಟೇ ಕೆಟ್ಟದ್ದು” ಎಂದು ವಾಚ್‌ಮನ್‌ಗಳಿಗೆ ಪಾಠ ಮಾಡುತ್ತಿದ್ದ. ಅವರು ಹ್ಞೂಂ ಸಾರ್ ಅಂದು ಫೋನು ನೋಡುತ್ತಿದ್ದರು.

ಮನೆಯಲ್ಲಿ ಆತ ಏನೂ ಮಾಡುತ್ತಿರಲಿಲ್ಲ. ಅವರ ಬಚ್ಚಲುಮನೆಯ ಚಿಲಕ ಕೆಟ್ಟು ಎಂಟು ತಿಂಗಳಾಗಿತ್ತು. ಹೆಂಡತಿ ಸ್ನಾನಕ್ಕೆ ಹೋದಾಗ ಯಾರೂ ಬಾಗಿಲು ತಳ್ಳದಿರಲಿ ಎಂದು ಗಟ್ಟಿಯಾಗಿ ವಚನ ಹೇಳುತ್ತಿದ್ದಳು. ಮೇಲಿನ ಮನೆಯವರು ಅವಳಿಗೆ ಬಹಳ ಭಕ್ತಿ ಎಂದುಕೊಂಡಿದ್ದರು.

ಒಂದು ಸಲ ಕೇಳಿದೆ. “ಏನಪ್ಪಾ, ನಿಂಗೆ ಈಜು ಬರುತ್ತಾ?”

“ಇಲ್ಲಮ್ಮ. ಬಂದಿದ್ರೆ ಬೇಲಿ ಹಾಕ್ತಿರ್ಲಿಲ್ಲ. ಹಾರ್ತೀನಿ ಬಿಡು ಅಂದ್ಕೊಂಡು ಸುಮ್ನಿರ್ತಿದ್ದೆ.”

ನಮ್ಮ ಜಗಳ ಶುರುವಾದದ್ದು ಸಂಡಿಗೆಯಿಂದ. ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಜೆಯವರೆಗೆ ಬಿಸಿಲು ಬೀಳುವ ಜಾಗ ಕೊಳದ ಅಂಚಿನ ಕಲ್ಲುಹಾಸು ಒಂದೇ. ಟೆರೇಸಿನಲ್ಲಿ ಪಾರಿವಾಳ. ನಾನು ಹಳೇ ಸೀರೆ ಹಾಸಿ ಅಲ್ಲಿ ಸಂಡಿಗೆ ಇಡುತ್ತಿದ್ದೆ. ತಟ್ಟೆ ಹಿಡಿದು ಹತ್ತು ಸಲ ಓಡಾಡಬೇಕು, ಪ್ರತಿ ಸಲ ಗೇಟು ಮುಚ್ಚಿಕೊಳ್ಳುತ್ತದೆ. ಒಂದು ಇಟ್ಟಿಗೆ ತಂದು ಗೇಟಿಗೆ ಒತ್ತುಕೊಟ್ಟೆ. ಸಂಜೆ ನೋಡಿದರೆ ಇಟ್ಟಿಗೆ ನಮ್ಮ ಮನೆ ಬಾಗಿಲಲ್ಲಿತ್ತು. ಮಾರನೆಯ ದಿನ ಮತ್ತೆ ಇಟ್ಟೆ. ಮತ್ತೆ ಬಾಗಿಲಲ್ಲಿತ್ತು. ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಹಿಡಿದುಕೊಂಡೆ.

“ಏನಪ್ಪಾ, ನಮ್ಮ ಹೊಲದಲ್ಲಿ ನಾನು ಸಂಡಿಗೆ ಹಾಕೋಕೆ ನಿನ್ನ ಅಪ್ಪಣೆ ಬೇಕಾ?”

“ಸಂಡಿಗೆ ಹಾಕಿ ಅಮ್ಮಾ. ಇಟ್ಟಿಗೆ ಹಾಕ್ಬೇಡಿ.”

“ಎರಡೂ ಕೈಯಲ್ಲಿ ತಟ್ಟೆ ಇರುತ್ತೆ. ಗೇಟು ಯಾವ ಕೈಯಲ್ಲಿ ತೆಗೀಲಿ?”

“ತಟ್ಟೆ ಕೆಳಗಿಡಿ.”

“ಮಂಡಿ ನೋವು. ಬಗ್ಗೋಕಾಗಲ್ಲ.”

“ಇಟ್ಟಿಗೆ ಇಡೋಕೆ ಹೆಂಗ್ ಬಗ್ಗಿದ್ರಿ?”

ಬಾಯಿಗೆ ಬಂದ ಹಾಗೆ ಬೈದೆ. ಆತ ಪೂರ್ತಿ ಕೇಳಿಸಿಕೊಂಡು ಇಟ್ಟಿಗೆ ಎತ್ತಿಕೊಂಡು ಹೋದ. ಮಾರನೆಯ ದಿನದಿಂದ ನಾನು ತಟ್ಟೆ ಹಿಡಿದು ಬಂದರೆ ಎರಡನೇ ಮಹಡಿಯಿಂದ ಇಳಿದು ಬಂದು ಗೇಟು ತೆಗೆದು ನಿಲ್ಲುತ್ತಿದ್ದ. ನಾನು ಒಳಗೆ ಹೋದ ಮೇಲೆ ಬಿಡುತ್ತಿದ್ದ. ಆತ ಊರಲ್ಲಿಲ್ಲದ ದಿನ ನಾನು ಮತ್ತೆ ಇಟ್ಟಿಗೆ ಇಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಕಳೆದ ವರ್ಷ ಆಯುಧಪೂಜೆಯ ದಿನ ಆತ ಹೆಂಡತಿಯ ಜೊತೆ ನಂದಿನಿ ಲೇಔಟಿನಲ್ಲಿರುವ ಮಗಳ ಮನೆಗೆ ಹೋಗಿದ್ದ. ನಮ್ಮಲ್ಲಿ ಪೂಜೆ ಜೋರು. ಕಾರು, ಸ್ಕೂಟರು, ಲಿಫ್ಟು, ನೀರಿನ ಪಂಪು, ತೋಟದ ಮಚ್ಚು, ಗುದ್ದಲಿ, ಎಲ್ಲಕ್ಕೂ ಕುಂಕುಮ. ಇಲ್ಲಿ ಹಿರಿಯಳು ನಾನು, ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುವುದು ನನ್ನ ಕೆಲಸ. ಎಲ್ಲಾ ಗೇಟಿಗೂ ಬಾಳೆಕಂದು ಕಟ್ಟಿದ್ದೀರಿ, ಈ ಗೇಟು ಏನು ಪಾಪ ಮಾಡಿತ್ತು ಎಂದು ಕೊಳದ ಗೇಟಿಗೂ ಎರಡು ಕಂದು ಕಟ್ಟಿಸಿದೆ. ಕಟ್ಟಿಸಿದವಳು ನಾನೇ. ಕಂದು ದಪ್ಪಗಿತ್ತು, ಗೇಟು ಅರ್ಧಕ್ಕೆ ಬಂದು ನಿಂತಿತು.

ಮಾಲಿ, “ಅಜ್ಜಿ, ಗೇಟು ಮುಚ್ತಾ ಇಲ್ಲ” ಅಂದ.

“ಹಬ್ಬ ಕಣೋ. ಒಂದಿನ ಮುಚ್ಚದಿದ್ರೆ ಏನಾಗುತ್ತೆ?” ಅಂದೆ.

ಆಮೇಲೆ ಎಲ್ಲರೂ ದೊಡ್ಡ ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆಯುವುದನ್ನು ನೋಡಲು ಹೋದೆವು. ಮರಿಮಗನ ಕೈಗೆ ಕಡ್ಲೆಪುರಿ ಪೊಟ್ಟಣ ಕೊಟ್ಟು ನನ್ನ ಸೆರಗು ಹಿಡಿಸಿದ್ದೆ. ಕಾಯಿ ಒಡೆಯಿತು, ಜನ ಕೂಗಿದರು, ನಾನು ಕೈ ಮುಗಿದೆ. ಸೆರಗು ಸಡಿಲವಾದದ್ದು ಗೊತ್ತಾಗಲಿಲ್ಲ.

ಆತ ಅದೇ ಹೊತ್ತಿಗೆ ಆಟೋದಲ್ಲಿ ಬಂದಿಳಿದ. ದೊಡ್ಡ ಗೇಟಿನಲ್ಲಿ ಜನ ತುಂಬಿದ್ದರಿಂದ ಪಕ್ಕದ ಸಣ್ಣ ಗೇಟಿನಿಂದ ಒಳಗೆ ಬಂದನಂತೆ. ಬಾಳೆಕಂದು ಕಂಡದ್ದೇ ಓಡಿದನಂತೆ. ಆತ ಓಡಿದ್ದನ್ನು ಕಂಡವನು ಒಬ್ಬ ವಾಚ್‌ಮನ್ ಮಾತ್ರ. ನಮಗೆ ಕಂಡದ್ದು ಆತ ಮಗುವನ್ನು ಕಂಕುಳಲ್ಲಿ ಚೀಲದ ಹಾಗೆ ಇಟ್ಟುಕೊಂಡು ಬರುತ್ತಿದ್ದದ್ದು. ಮಗು ಕೊಳದ ಮೆಟ್ಟಿಲಿಳಿದು ನಿಂತು ಮೀನಿಗೆ ಪುರಿ ಹಾಕುತ್ತಿತ್ತಂತೆ. ಕೊಳದಲ್ಲಿ ಮೀನಿಲ್ಲ.

“ಹಿಡ್ಕೊಳ್ಳಿ,” ಅಂದು ನನ್ನ ಕೈಗೆ ಕೊಟ್ಟ. ಮಗುವಿನ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ಒಂದು ಮೆಟ್ಟಿಲು ಇಳಿದರೆ ಅಷ್ಟು ಒದ್ದೆಯಾಗುತ್ತದೆ. ಅಲ್ಲಿ ಮೂರು ಮೆಟ್ಟಿಲಿವೆ.

ಆತ ಪೂಜೆಗಿಟ್ಟ ಆಯುಧಗಳ ಸಾಲಿಗೆ ಹೋಗಿ, ಅರಿಸಿನ ಕುಂಕುಮ ಹಚ್ಚಿದ ಮಚ್ಚನ್ನು ಎತ್ತಿಕೊಂಡು, ನಾಲ್ಕು ಏಟಿಗೆ ಎರಡು ಬಾಳೆಕಂದನ್ನೂ ಕಡಿದು ಹಾಕಿದ. ಆಯುಧಪೂಜೆಯ ದಿನ ಆಯುಧ ಮುಟ್ಟಬಾರದು. ಅದು ಕೂಸಿಗೂ ಗೊತ್ತು.

“ಸಾರ್! ಪೂಜೆಗಿಟ್ಟ ಮಚ್ಚು!” ಎಂದು ಕಾರ್ಯದರ್ಶಿ ಕೂಗಿದ. “ಇವತ್ತು ಕೆಲಸಕ್ಕೆ ಉಪಯೋಗಿಸ್ಬಾರ್ದು ಸಾರ್!”

“ಪೂಜೆ ಚೆನ್ನಾಗಾಗಿದೆ. ಚೆನ್ನಾಗಿ ಕಡೀತಾ ಇದೆ,” ಅಂದು ಮಚ್ಚನ್ನು ವಾಪಸು ಇಟ್ಟ. ಗೇಟನ್ನು ಒಂದು ಬೆರಳಷ್ಟು ತೆಗೆದು ಬಿಟ್ಟ. ಟಕ್ ಅಂದ ಮೇಲೆ ಮನೆಗೆ ಹೋದ.

ಆಮೇಲೆ ಆತನ ಜೊತೆ ತುಂಬಾ ಜನ ಮಾತು ಬಿಟ್ಟರು. ಹಬ್ಬದ ದಿನ ಕಂದು ಕಡಿದ, ಕೇಡಾಗುತ್ತದೆ ಅಂದರು. ನಾನೂ ಮಾತಾಡಲಿಲ್ಲ. ನನಗೆ ಕಂದಿನ ಸಿಟ್ಟಿರಲಿಲ್ಲ. ಆತ ಗೇಟು ನೋಡಲು ಇಳಿಯುವ ಹೊತ್ತಿಗೆ ಮನೆಯೊಳಗೆ ಹೋಗುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಕಲ್ಲುಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದೆ, ಆತ ಗೇಟಿಗೆ ಎಣ್ಣೆ ಬಿಡುತ್ತಿದ್ದ. ಕ್ಷಮಿಸು ಅನ್ನುವ ಅಭ್ಯಾಸ ನನಗಿಲ್ಲ. ಆದ್ದರಿಂದ ವಾದಕ್ಕೆ ಇಳಿದೆ.

“ನೀನು ಸುಮ್ನೆ ಹೆದರಿಸ್ತೀಯ ಕಣಪ್ಪಾ. ನಮ್ಮ ಬಾವಿಗೆ ಕಟ್ಟೇನೇ ಇರ್ಲಿಲ್ಲ. ಈ ಕೊಳ ಏನು, ಎದೆಮಟ್ಟ. ಅದು ಮೂವತ್ತಡಿ. ಅದರ ಪಕ್ಕದಲ್ಲೇ ಐದು ಮಕ್ಕಳನ್ನ ಬೆಳೆಸಿದೀನಿ.”

ಆತ ತಿರುಗಿ ನೋಡಲಿಲ್ಲ. “ಬೆಳೆದೋರು ಐದು. ಹೆತ್ತಿದ್ದೆಷ್ಟು?”

ಆರು, ಅಂದೆ.

ಆಗ ತಿರುಗಿದ. ನಾನೇ ಹೇಳಿದೆ. ಮೂರನೆಯದು ಹೆಣ್ಣು, ಎರಡೂವರೆ ವರ್ಷ. ನಾನು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅವಳು ಪಕ್ಕದಲ್ಲಿ ಸೋಪಿನ ನೊರೆ ಜೊತೆ ಆಡುತ್ತಿದ್ದಳು. ಒಂದು ಸೀರೆ ಹಿಂಡುವಷ್ಟು ಹೊತ್ತು. ತಿರುಗಿ ನೋಡಿದರೆ ಇರಲಿಲ್ಲ, ಒಂದು ಕೂಗೂ ಕೇಳಿಸಿರಲಿಲ್ಲ.

“ಆಮೇಲೆ ಬಾವಿಗೆ ಕಟ್ಟೆ ಕಟ್ಟಿದ್ರಾ ಅಮ್ಮಾ?”

“ಇಲ್ಲ. ಗಂಗಮ್ಮನ ಪೂಜೆ ಮಾಡಿಸಿದ್ವಿ.”

ಆತ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ತನ್ನದನ್ನು ಹೇಳಿದ.

“ವಿಜಯನಗರದಲ್ಲಿ ಒಂದು ಮನೆ. ನೆಲದೊಳಗಿನ ನೀರಿನ ಸಂಪ್‌ಗೆ ಕಬ್ಬಿಣದ ಮುಚ್ಚಳ ಮಾಡಿಕೊಟ್ಟೆ. ಬೀಗ ಹಾಕೋ ಕೊಂಡಿ ಇಡ್ಲಾ ಅಂದೆ. ಬೇಡ, ದಿನಾ ತೆಗೀಬೇಕು, ರೇಜಿಗೆ ಅಂದ್ರು. ಸರಿ ಸಾರ್ ಅಂದೆ. ಗಿರಾಕಿ ಹೇಳಿದ್ಮೇಲೆ ಮುಗೀತು. ಆರು ತಿಂಗಳು ಬಿಟ್ಟು ಅದೇ ರ‍ಸ್ತೇಲಿ ಬೇರೆ ಮನೆಗೆ ಅಳತೆ ತಗೊಳ್ಳೋಕೆ ಹೋದೆ. ಆ ಮನೆ ಮುಂದೆ ಶಾಮಿಯಾನ ಹಾಕಿದ್ರು, ಒಳಗೆ ಹೆಂಗಸ್ರು ಅಳ್ತಿದ್ರು.”

“ಹೋಗಿ ಕೇಳಿದ್ಯಾ?”

“ಇಲ್ಲ. ಮುಚ್ಚಳ ಗೋಡೆಗೆ ಒರಗಿಸಿದ್ರು. ರಸ್ತೆಯಿಂದಾನೇ ಕಾಣ್ತಿತ್ತು.” ಆಮೇಲೆ ಅಂದ, “ಅವರದೇನು ತಪ್ಪಲ್ಲ. ಅವರಿಗೆ ಕಬ್ಬಿಣದ ವಿಷಯ ಏನು ಗೊತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸರಿ ಸಾರ್ ಅಂದೆ. ಅವತ್ತಿಂದ ಯಾರಿಗೂ ಸರಿ ಸಾರ್ ಅಂದಿಲ್ಲ.”

ಇಷ್ಟೇ ಮಾತು. ಇಬ್ಬರೂ ಅಳಲಿಲ್ಲ. ಆತ ಹಾಲು ತರಬೇಕಿತ್ತು, ಎದ್ದು ಹೋದ. ಅಂದಿನಿಂದ ನಾನು ಆ ಗೇಟಿಗೆ ಏನನ್ನೂ ಒತ್ತುಕೊಟ್ಟಿಲ್ಲ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಆತ ಸತ್ತ. ಬೆಳಿಗ್ಗೆ ಗೇಟು ನೋಡಿ ಮೇಲೆ ಹೋದವನು ಎದೆ ಹಿಡಿದಂತಾಗಿದೆ, ಗ್ಯಾಸು, ಎಂದು ಕುರ್ಚಿಯಲ್ಲಿ ಕೂತನಂತೆ. ಹೆಂಡತಿ ಜೀರಿಗೆ ನೀರು ಕಾಯಿಸಿ ತರುವಷ್ಟರಲ್ಲಿ ಮುಗಿದಿತ್ತು. ಹಬ್ಬದ ದಿನ ಕಂದು ಕಡಿದದ್ದಕ್ಕೇ ಹೀಗಾಯಿತು ಎಂದು ಮೂರನೇ ಮಹಡಿಯಾಕೆ ಲಿಫ್ಟಿನಲ್ಲಿ ಅಂದಳು. ಹುಟ್ಟಿದವರೆಲ್ಲ ಯಾವ ಕಂದು ಕಡಿದು ಸಾಯುತ್ತಾರೆ ಎಂದು ನಾನು ಕೇಳಿದೆ. ಅವಳು ಮೊದಲನೇ ಮಹಡಿಯಲ್ಲೇ ಇಳಿದಳು.

ಇನ್ನು ಮೀಟಿಂಗಿನ ವಿಷಯ. ಕಾರ್ಯದರ್ಶಿಯ ಮಗಳ ಮದುವೆ ನಿಶ್ಚಯವಾಗಿತ್ತು. ಆರತಕ್ಷತೆಯನ್ನು ಕೊಳದ ಪಕ್ಕ ಮಾಡಬೇಕು, ನೀರಿನ ಮೇಲೆ ದೀಪ ತೇಲಿಬಿಡಬೇಕು, ಫೋಟೋದಲ್ಲಿ ಬೇಲಿ ಬರಬಾರದು. ಎರಡು ದಿನದ ಮಟ್ಟಿಗೆ ಕಳಚಿಡೋಣ ಎಂದು ಅವನು ಕೇಳಿದ್ದು. ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಸೇರಿದರು. ಮಾತು ಬೆಳೆಯಿತು. ಕಳಚಿದ ಮೇಲೆ ಮತ್ತೆ ಯಾಕೆ ಹಾಕಬೇಕು, ಜೈಲಿನ ಹಾಗಿದೆ ಎಂದು ಒಬ್ಬ. ಪಾಪ, ಅವರು ಇದ್ದಾಗ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆವು ಎಂದು ಇನ್ನೊಬ್ಬ. ಇವರು ಆತನಿಗೆ ನೋಯದ ಹಾಗೆ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಆತನ ಹೆಂಡತಿ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು.

ಮೂರನೇ ಮಹಡಿಯಾಕೆ ಎದ್ದು, “ಬೇಲಿ ಹಾಕಿದಾಗಿನಿಂದ ಒಂದು ಮಗೂನಾದ್ರೂ ನೀರಿಗೆ ಬಿದ್ದಿದ್ಯಾ? ಇಲ್ಲ. ಅಂದ್ಮೇಲೆ ಬೇಲಿ ಯಾಕ್ ಬೇಕು?” ಅಂದಳು. ಓದಿದವರು ಬಹಳ ಜನ ಇದ್ದರು. ಹೌದು ಹೌದು ಎಂದು ತಲೆ ಆಡಿಸಿದರು.

ನಾನು ಅಂಥ ಮೀಟಿಂಗಿಗೆ ಹೋದದ್ದು ಅದೇ ಮೊದಲು. ಕೂತಲ್ಲಿಂದಲೇ ಕೇಳಿದೆ.

“ಆ ಎರಡು ದಿನ ನೀರನ್ನ ಎಲ್ಲಿಡ್ತೀಯಪ್ಪಾ?”

ಕಾರ್ಯದರ್ಶಿ ನಕ್ಕ. “ನೀರು ಅಲ್ಲೇ ಇರುತ್ತೆ ಅಜ್ಜಿ. ದೀಪ ಬಿಡ್ಬೇಕಲ್ಲ.”

“ಮಕ್ಕಳನ್ನ?”

“ಮಕ್ಕಳನ್ನ ಅವರವರ ಮನೆಯೋರು ನೋಡ್ಕೋತಾರೆ ಅಜ್ಜಿ. ಅಷ್ಟು ಜನ ಇರ್ತೀವಿ.”

“ನಾನೂ ನೋಡ್ಕೋತಾನೇ ಇದ್ದೆ,” ಅಂದೆ.

“ಯಾವಾಗ ಅಜ್ಜಿ?”

ನನ್ನ ದೊಡ್ಡ ಮಗ ನನ್ನ ಪಕ್ಕದಲ್ಲೇ ಇದ್ದ. ಅರವತ್ತು ದಾಟಿದವನು. ಬಾವಿಯ ಆ ದಿನ ಅವನಿಗೆ ಆರು ವರ್ಷ. ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಾ ಕೂತ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ.

ಆಮೇಲೆ ಕೈ ಎತ್ತಿಸಿದರು. ಒಂದು ಮನೆಗೆ ಒಂದು ಓಟು. ಬಿಲ್ಡರು ಜಾಗಕ್ಕೆ ಬದಲಾಗಿ ಕೊಟ್ಟ ಆರು ಮನೆ ನನ್ನ ಹೆಸರಿನಲ್ಲೇ ಇವೆ. ಮಕ್ಕಳು ಭಾಗ ಮಾಡಿಕೊಡು ಎಂದು ಕೇಳುತ್ತಲೇ ಇದ್ದಾರೆ, ನಾನು ಕೊಟ್ಟಿಲ್ಲ. ಬೇಲಿ ಇರಲಿ ಅನ್ನುವವರು ಎಂದಾಗ ಕೈ ಎತ್ತಿದೆ. ಕಾರ್ಯದರ್ಶಿ ಎಣಿಸುತ್ತಾ ಬಂದು ನನ್ನ ಹತ್ತಿರ ‘ಒಂದು’ ಅಂದ.

“ಇದು ಆರು,” ಅಂದೆ.

ನೋಡಿಕೊಂಡು ಬರುತ್ತೇನೆಂದು ಆಫೀಸಿನೊಳಗೆ ಹೋದ. ಪುಸ್ತಕ ತೆಗೆದು ನೋಡಿದರು. ಆರೇ. ಬೇಲಿ ಉಳಿಯಿತು. ಮೂರು ಓಟು ಹೆಚ್ಚಾಗಿತ್ತು. ನನ್ನ ಕೈ ಇಲ್ಲದಿದ್ದರೆ ಮಾರನೆಯ ದಿನವೇ ಗುಜರಿಯವನು ಬರುತ್ತಿದ್ದ.

ಹೊರಗೆ ಬಂದಾಗ ಆತನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. “ಇವರಿದ್ದಿದ್ರೆ ಎಷ್ಟು ಸಂತೋಷ ಪಡ್ತಿದ್ರು ಅಮ್ಮಾ.”

“ಪಡ್ತಿರ್ಲಿಲ್ಲ. ಮೂರೇ ಓಟಾ ಅಂತ ಕೇಳ್ತಿದ್ದ,” ಅಂದೆ.

ಅವಳು ನಕ್ಕಳು. ಅದು ನಿಜ ಎಂದು ಅವಳಿಗೂ ಗೊತ್ತು. ಆತ ಸಂತೋಷಪಟ್ಟದ್ದನ್ನು ನಾನಂತೂ ನೋಡಿಲ್ಲ.

ಆರತಕ್ಷತೆ ಟೆರೇಸಿನ ಮೇಲೆ ಆಯಿತು. ಗಾಳಿ ಜೋರಾಗಿ ಮಂಟಪದ ಬಟ್ಟೆ ಪಕ್ಕದ ಸೈಟಿಗೆ ಹಾರಿತು. ಊಟ ಚೆನ್ನಾಗಿತ್ತು. ಕಾರ್ಯದರ್ಶಿ ನನ್ನ ಜೊತೆ ಮಾತಾಡುವುದಿಲ್ಲ. ಮೊದಲೂ ಅವನು ನನ್ನ ಹತ್ತಿರ ಮಾತಾಡಿದ್ದು ಕಡಿಮೆ.

ನಿನ್ನೆ ಸಂಜೆ ನಾನು ಕೆಳಗೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಮರಿಮಗನ ಚೆಂಡು ಬೇಲಿ ದಾಟಿ ಒಳಗೆ ಬಿದ್ದು ಉರುಳಿಕೊಂಡು ಹೋಗಿ ನೀರಿಗಿಳಿಯಿತು. ಅವನು ಗೇಟಿಗೆ ಹೋದ. ಎರಡೂ ಕೈಯಲ್ಲಿ ತಳ್ಳಿದ. ಭುಜ ಕೊಟ್ಟು ತಳ್ಳಿದ. ಸರಳಿನ ನಡುವೆ ತಲೆ ಇಟ್ಟು ನೋಡಿದ, ಕಿವಿಯ ಹತ್ತಿರ ನಿಂತಿತು. ತುದಿಗಾಲಲ್ಲಿ ನಿಂತು ಚಿಲಕಕ್ಕೆ ಕೈ ಚಾಚಿದ, ಎರಡು ಗೇಣು ಸಾಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

“ಅಜ್ಜೀ, ತೆಗೀ.”

“ಆಗಲ್ಲ.”

“ತೆಗೀ ಅಂದ್ರೆ!”

“ಆಗಲ್ಲ ಹೋಗೋ.”

ನೆಲಕ್ಕೆ ಬಿದ್ದು ಒದ್ದಾಡಿ ಅಳಲು ಶುರು ಮಾಡಿದ. ಮೂರನೇ ಮಹಡಿಯ ಕಿಟಕಿ ತೆರೆಯಿತು, ಯಾರೋ ಬಗ್ಗಿ ನೋಡಿದರು, ಮತ್ತೆ ಮುಚ್ಚಿತು. ಕಾಲು ಗಂಟೆ ಅತ್ತ. ಗಂಟಲು ಕಟ್ಟುವವರೆಗೆ ಅತ್ತ. ನಾನು ಎದ್ದು ಹೋಗಲಿಲ್ಲ, ಸುಮ್ಮನಿರು ಅನ್ನಲೂ ಇಲ್ಲ. ಸೊಪ್ಪು ಬಿಡಿಸುತ್ತಾ ಆ ಅಳುವನ್ನು ಪೂರ್ತಿ ಕೇಳಿದೆ.